ಫ್ಯಾಕ್ಟೋರಿಯಲ್ ಇಲ್ಲದೆ ಕ್ಯೂ ಲೆಕ್ಕ

ಕಾಲ್ ಸೆಂಟರ್‌ನಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಕೂರಬೇಕು ಅಂತ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಈ ಲೆಕ್ಕಕ್ಕೆ ಬುಡ ಹಾಕಿದವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎರ್ಲಾಂಗ್. ಎಲ್ಲರೂ ಬಿಜಿ ಇದ್ದು ಕರೆ ವಾಪಸ್ ಹೋಗುವ ಸಂಭವ ಎಷ್ಟು ಅಂತ ಹೇಳುವ ಅವರ ಸೂತ್ರ 1917ರದ್ದು. ಅದರಲ್ಲಿ ಫ್ಯಾಕ್ಟೋರಿಯಲ್ (1ರಿಂದ ಒಂದು ಸಂಖ್ಯೆವರೆಗಿನ ಎಲ್ಲವನ್ನೂ ಗುಣಿಸಿದ್ದು) ಬರುತ್ತದೆ. ಪುಸ್ತಕದಲ್ಲಿರುವ ಹಾಗೇ ಅದನ್ನು ಕಂಪ್ಯೂಟರಿಗೆ ಹಾಕಿದರೆ ದೊಡ್ಡ ಸೆಂಟರ್‌ಗಳಿಗೆ ಉತ್ತರವೇ ಬರುವುದಿಲ್ಲ. ಕಂಪ್ಯೂಟರ್ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಮಾಮೂಲಿ ರೀತಿ, ಡಬಲ್ ಪ್ರಿಸಿಷನ್, 170ರ ಫ್ಯಾಕ್ಟೋರಿಯಲ್‌ವರೆಗೆ ತಡೆಯುತ್ತದೆ, 171ಕ್ಕೆ ಕೈ ಎತ್ತುತ್ತದೆ. ಇಷ್ಟೆಲ್ಲ ಮಾಡಿ ನಮಗೆ ಬೇಕಾದದ್ದು 0 ಮತ್ತು 1ರ ನಡುವಿನ ಒಂದು ಸಂಖ್ಯೆ ಅಷ್ಟೇ ಅಲ್ವಾ?

ಹಾಗಾಗಿ ನಾನು ಒಬ್ಬೊಬ್ಬರನ್ನೇ ಸೇರಿಸುತ್ತಾ ಹೋಗುತ್ತೇನೆ. ಗಂಟೆಗೆ 40 ಕರೆ, ಒಂದೊಂದಕ್ಕೆ ಸರಾಸರಿ 3 ನಿಮಿಷ ಅಂದರೆ ಹೊರೆ 2 ಎರ್ಲಾಂಗ್, ಸರಾಸರಿ ಇಬ್ಬರಿಗೆ ಪೂರ್ತಿ ಕೆಲಸ. ಯಾರೂ ಇಲ್ಲದಿದ್ದರೆ ಕರೆ ವಾಪಸ್ ಹೋಗುವ ಸಂಭವ 1. ಅದನ್ನು ಹೊರೆಯಿಂದ ಗುಣಿಸಬೇಕು. ಬಂದ ಸಂಖ್ಯೆಗೆ ಈಗಿನ ಜನರ ಲೆಕ್ಕ ಕೂಡಿಸಿ, ಆ ಮೊತ್ತದಿಂದ ಅದೇ ಸಂಖ್ಯೆಯನ್ನು ಭಾಗಿಸಬೇಕು. ಒಬ್ಬರಿದ್ದರೆ 2/3, ಇಬ್ಬರಿಗೆ 0.4, ಮೂವರಿಗೆ 0.2105. ಸ್ಪ್ರೆಡ್‌ಶೀಟ್‌ನಲ್ಲಿ ಒಂದೇ ಕಾಲಂ, ಕೆಳಗೆ ಎಳೆದರೆ ಮುಗಿಯಿತು. ಸಾವಿರ ಜನರಿದ್ದರೂ ಸಂಖ್ಯೆ 1ನ್ನು ದಾಟುವುದೇ ಇಲ್ಲ.

ಕರೆ ವಾಪಸ್ ಹೋಗದೆ ಕಾಯುತ್ತದೆ ಅಂದರೆ ಮೂವರ ಅದೇ 0.2105ಕ್ಕೆ ಇನ್ನೊಂದು ಭಾಗಾಕಾರ ಸಾಕು. ಕಾಯಬೇಕಾಗುವ ಸಂಭವ 0.444, ಸರಾಸರಿ ಕಾಯುವಿಕೆ 80 ಸೆಕೆಂಡ್. ನಾಲ್ಕನೆಯವರನ್ನು ಕೂರಿಸಿದರೆ ಸುಮಾರು 16 ಸೆಕೆಂಡ್. ಮ್ಯಾನೇಜರ್‌ಗಳಿಗೆ ಈ ಎರಡು ಸಂಖ್ಯೆ ತೋರಿಸಿದರೆ ಸಾಕು, ಜಾಸ್ತಿ ಮಾತು ಬೇಕಾಗುವುದಿಲ್ಲ.

ಕಾದು ಬೇಸತ್ತು ಫೋನ್ ಇಡುವವರು, ಎರಡು ಭಾಷೆಗೆ ಎರಡು ತಂಡ, ಒಂದು ತಂಡ ಬಿಜಿ ಇದ್ದರೆ ಇನ್ನೊಂದಕ್ಕೆ ಕರೆ ದಾಟಿಸುವುದು: ಇದೆಲ್ಲ ಬಂದಾಗ ಸಿದ್ಧ ಸೂತ್ರ ಸಿಗುವುದಿಲ್ಲ. ಆಗ ಎಷ್ಟು ಕರೆ ಎಲ್ಲೆಲ್ಲಿವೆ ಅನ್ನುವ ಪ್ರತಿ ಸ್ಥಿತಿಗೂ ಒಂದು ಸಮೀಕರಣ ಬರೆದು ಒಟ್ಟಿಗೆ ಬಿಡಿಸಬೇಕು. ಸಮೀಕರಣಗಳನ್ನು ಒಂದರಿಂದ ಇನ್ನೊಂದನ್ನು ಕಳೆಯುತ್ತಾ ಬಿಡಿಸುವ ಗಾಸ್ ವಿಧಾನವನ್ನು ಸುಮ್ನೆ ಹಚ್ಚಿದರೆ ಹತ್ತಿರ ಹತ್ತಿರದ ಸಂಖ್ಯೆಗಳನ್ನು ಕಳೆಯುವಾಗ ನಿಖರತೆ ಸೋರಿಹೋಗುತ್ತದೆ. ಅಪರೂಪದ ಸ್ಥಿತಿಗಳ ಸಂಭವ ಋಣವಾಗಿಯೂ ಬರಬಹುದು. ಗ್ರಾಸ್‌ಮನ್, ಟಕ್ಸಾರ್, ಹೇಮನ್ 1985ರಲ್ಲಿ ಕೊಟ್ಟ ವಿಧಾನದಲ್ಲಿ ಕಳೆಯುವ ಕೆಲಸವೇ ಇಲ್ಲ. ಒಂದೊಂದೇ ಸ್ಥಿತಿಯನ್ನು ತೆಗೆಯುತ್ತಾ, ಕಳೆದು ಪಡೆಯಬೇಕಾದ ಸಂಖ್ಯೆಯನ್ನು ಉಳಿದ ಸ್ಥಿತಿಗಳಿಗೆ ಹೋಗುವ ದರಗಳನ್ನು ಕೂಡಿಸಿ ಪಡೆಯುತ್ತಾರೆ. ನನಗೆ ಇದರ ಮೇಲೆ ತುಂಬಾ ಭರವಸೆ. ಸ್ಥಿತಿಗಳು ಲಕ್ಷ ದಾಟಿದರೆ ಮಾತ್ರ, ಒಂದು ಊಹೆಯಿಂದ ಶುರು ಮಾಡಿ ಮತ್ತೆ ಮತ್ತೆ ತಿದ್ದುತ್ತಾ ಹೋಗುವ ಗಾಸ್-ಸೀಡೆಲ್ ವಿಧಾನಕ್ಕೆ ಹೋಗುತ್ತೇನೆ.

ಕ್ಯೂವನ್ನು ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು, ಇಲ್ಲದಿದ್ದರೆ ಸ್ಥಿತಿಗಳಿಗೆ ಕೊನೆಯೇ ಇರುವುದಿಲ್ಲ. ಕೊನೆಯ ಸ್ಥಿತಿಯ ಸಂಭವ ಲೆಕ್ಕಕ್ಕೇ ಸಿಗದಷ್ಟು ಸಣ್ಣದಾಗುವವರೆಗೆ ಉದ್ದ ಹೆಚ್ಚಿಸುತ್ತೇನೆ. ಆಮೇಲೆ ಗಂಟೆಗೆ ಬಂದ ಕರೆಗಳ ಸಂಖ್ಯೆ ಮುಗಿದ ಮತ್ತು ಬಿಟ್ಟುಹೋದ ಕರೆಗಳ ಮೊತ್ತಕ್ಕೆ ಸರಿ ಇದೆಯಾ ನೋಡುತ್ತೇನೆ. ತಾಳೆಯಾಗದಿದ್ದರೆ ಮೊದಲು ಹುಡುಕುವುದು ದರಗಳ ಪಟ್ಟಿಯಲ್ಲಿ. ಬಿಡಿಸುವ ವಿಧಾನದಲ್ಲಿ ತಪ್ಪಿರುವುದು ಕಡಿಮೆ.