ಮಲೆನಾಡಿನ ಅಪರೂಪದ ಮನೆಹೆಸರು: ಮೂಲ ಹುಡುಕುವ ಬಗೆ

ಅರ್ಥವನ್ನು ಮೊದಲು ಹುಡುಕಬೇಡಿ. ಮನೆಹೆಸರಿನ ಬೆನ್ನು ಹತ್ತಿದವರಲ್ಲಿ ಹೆಚ್ಚಿನವರು ಎಡವುವುದೇ ಇಲ್ಲಿ. ಹೆಸರು ಕೇಳಿದ ಕೂಡಲೇ ನಿಘಂಟು ತೆಗೆಯುವುದು, ಇಲ್ಲವೇ ಪಾಂಡವರು ವನವಾಸದಲ್ಲಿ ಇಲ್ಲೇ ತಂಗಿದ್ದರಂತೆ ಎಂಬ ಕತೆಗೆ ಗಂಟು ಹಾಕುವುದು. ಆಮೇಲೆ ಸಿಕ್ಕ ಕಾಗದವನ್ನೆಲ್ಲ ಆ ಕತೆಗೆ ಒಪ್ಪುವ ಹಾಗೆಯೇ ಓದುತ್ತೀರಿ. ಮೊದಲು ಜಾಗ, ಆಮೇಲೆ ಕಾಗದ, ಅರ್ಥ ಕೊನೆಗೆ.

ಜಾಗಕ್ಕೆ ಮೊದಲ ಸುಳಿವು ಇನಿಷಿಯಲ್. ತೀರ್ಥಹಳ್ಳಿ, ಹೊಸನಗರ, ಸಾಗರ, ಆ ಕಡೆ ಕೊಪ್ಪ, ಶೃಂಗೇರಿಗಳಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಊರಿನದು ಅಥವಾ ಮನೆಯದು, ಎರಡನೆಯದು ತಂದೆಯದು. ಕೆ.ವಿ. ಪುಟ್ಟಪ್ಪ ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಶಾಂತವೇರಿ ಗೋಪಾಲಗೌಡ, ಕಡಿದಾಳ್ ಮಂಜಪ್ಪ, ಕಾಗೋಡು ತಿಮ್ಮಪ್ಪ ಊರಹೆಸರನ್ನು ಇಡಿಯಾಗಿಯೇ ಹೊತ್ತವರು. ಹಾಗಂತ ಆ ಅಕ್ಷರವನ್ನು ಹುಟ್ಟಿದೂರು ಎಂದು ತಿಳಿಯಬೇಡಿ. ಕುವೆಂಪು 1904ರಲ್ಲಿ ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ. ಯು.ಆರ್. ಅನಂತಮೂರ್ತಿ ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ, ‘ಯು’ ಮಾತ್ರ ಉಡುಪಿ. ವಂಶ ಎಲ್ಲಿಂದ ಎದ್ದು ಬಂತು ಎನ್ನುವುದನ್ನು ಆ ಅಕ್ಷರ ಹೇಳುತ್ತದೆ, ಎಷ್ಟು ತಲೆಮಾರಿನ ಹಿಂದೆ ಎನ್ನುವುದನ್ನಲ್ಲ.

ಹೆಸರಿನ ಕೊನೆಯಲ್ಲಿರುವ ಹೆಗಡೆ, ಗೌಡ, ಶಾನುಭೋಗ, ನಾಡಿಗ, ಪಟೇಲ ಇವು ಹುದ್ದೆಯ ಹೆಸರುಗಳು. ಶಾಸನದ ಪೆರ್ಗಡೆ ಹೆಗ್ಗಡೆಯಾಗಿ, ಹೆಗಡೆಯಾಯಿತು. ಗಾವುಂಡ ಗೌಡನಾದ, ಸೇನಬೋವ ಶಾನುಭೋಗನಾದ. ಹವ್ಯಕರಲ್ಲೂ ಹೆಗಡೆಯಿದ್ದಾರೆ, ಬಂಟರಲ್ಲೂ ಜೈನರಲ್ಲೂ ಇದ್ದಾರೆ. ಹಾಗಾಗಿ ಇದರಿಂದ ಜಾತಿಯೂ ಗೊತ್ತಾಗದು, ಮೂಲವೂ ಗೊತ್ತಾಗದು. ವಂಶಪಾರಂಪರ್ಯದ ಗ್ರಾಮಾಧಿಕಾರ 1961ರ ಕಾಯ್ದೆಯಿಂದ ರದ್ದಾಯಿತು, ಹೆಸರು ಮಾತ್ರ ಉಳಿಯಿತು. ಗೋತ್ರ, ಬಳಿ, ಬೆಡಗು ಎಂಬ ಕುಲದ ಹೆಸರುಗಳನ್ನೂ ಬೇರೆ ಹಾಳೆಯಲ್ಲಿ ಬರೆದಿಡಿ. ಅವು ರಕ್ತದ ಜೊತೆ ಬರುತ್ತವೆ. ಮನೆಹೆಸರು ಬರುವುದು ಮನೆಯ ಜೊತೆ. ಕ್ರಯಕ್ಕೆ ಕೊಂಡು ಬಂದವರಿಗೂ ಮನೆ ಅಳಿಯನಾಗಿ ನಿಂತವನಿಗೂ ಆ ಮನೆಯ ಹೆಸರೇ ಅಂಟುತ್ತದೆ. ಒಂದೇ ಮನೆಹೆಸರಿನ ಎರಡು ಕುಟುಂಬಕ್ಕೆ ಸೂತಕವೇ ಇಲ್ಲದಿದ್ದರೆ ಕಾರಣ ಹೆಚ್ಚಾಗಿ ಇದೇ.

ಕಾಗದಕ್ಕೆ ಕಚೇರಿಗೆ ಓಡುವ ಮೊದಲು ಮನೆಯ ಪೆಟ್ಟಿಗೆ ತೆಗೆಯಿರಿ. ಹಳೇ ಲಗ್ನಪತ್ರಿಕೆ, ಜಾತಕ, ಮುಯ್ಯಿ ಬರೆದ ಪುಸ್ತಕ, ಅಡಿಕೆ ಮಂಡಿಯ ಚೀಟಿ, ಗೇಣಿ ಚೀಟಿ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಪಾಲುಪಟ್ಟಿ, ಅಂದರೆ ಆಸ್ತಿ ಹಂಚಿಕೊಂಡ ಪತ್ರ. ಅದರಲ್ಲಿ ಪಾಲುದಾರರ ಹೆಸರು ನೋಡಿ ಮಡಚಿಡಬೇಡಿ, ಚಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಇಂಥ ಹಳ್ಳ, ಉತ್ತರಕ್ಕೆ ಇಂಥ ಮನೆಯವರ ಸೊಪ್ಪಿನ ಬೆಟ್ಟ ಎಂದು ಬರೆದಿರುತ್ತದೆ. ಸ್ವಂತ ಮನೆಯ ಹೆಸರನ್ನು ಬರೆಯಲು ಮರೆತವರೂ ನೆರೆಯವರ ಮನೆಹೆಸರನ್ನು ತಪ್ಪದೆ ಬರೆಸಿರುತ್ತಾರೆ. ಆದ್ದರಿಂದ ನಿಮ್ಮ ಹೆಸರು ನಿಮ್ಮ ಪತ್ರದಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯವರ ಪಾಲುಪಟ್ಟಿ ಕೇಳಿ ನೋಡಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಬಳಪದಲ್ಲಿ ಬರೆದ ಕಡತ ಸಿಕ್ಕರೆ ಕೈಯಿಂದ ಉಜ್ಜಬೇಡಿ, ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಅಕ್ಷರ ಹೋಗುತ್ತದೆ. ಓರೆ ಬೆಳಕಿನಲ್ಲಿ ಫೋಟೊ ತೆಗೆದರೆ ಸಾಕು. ತಿಗಳಾರಿ ಎಂಬ ಹಳೇ ಲಿಪಿಯ ತಾಳೆಗರಿಗಳಿದ್ದರೆ ಕೆಳದಿಯ ಮ್ಯೂಸಿಯಂನಲ್ಲಿ ವಿಚಾರಿಸಿ. ಅಂಥ ಗರಿ, ಕಡತಗಳ ಸಂಗ್ರಹವೇ ಅಲ್ಲಿದೆ.

ಇನ್ನು ಪಹಣಿ. ಸರ್ವೆ ನಂಬರ್ ಗೊತ್ತಿದ್ದರೆ ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ಈಗಿನದು ಸಿಗುತ್ತದೆ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಹಕ್ಕು ಬಂದ ಬಗೆ ಮತ್ತು ಎಂ.ಆರ್. ನಂಬರ್, ಅಂದರೆ ಹಕ್ಕು ಬದಲಾವಣೆಯ (ಮ್ಯುಟೇಶನ್) ರಿಜಿಸ್ಟರಿನ ನಂಬರ್. ಆ ಎಂ.ಆರ್. ಹಿಡಿದು ಹಿಂದಕ್ಕೆ ಹೋಗುತ್ತ ಪ್ರತಿ ಮೆಟ್ಟಿಲಲ್ಲೂ ಅದು ಪೌತಿಯೋ (ಸತ್ತವರಿಂದ ವಾರಸುದಾರರಿಗೆ ಬಂದದ್ದು), ವಿಭಾಗವೋ, ಕ್ರಯವೋ ಗುರುತು ಹಾಕಿಕೊಳ್ಳಿ. ಕ್ರಯ ಬಂದ ಕಡೆ ನಿಲ್ಲಿ: ಅಲ್ಲಿಂದ ಹಿಂದಿನದು ಬೇರೆ ಮನೆತನದ ಕತೆ. ಕೈಬರಹದ ಹಳೇ ಪಹಣಿಗೆ, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಎಂಬ ಹಳೇ ಜಮೀನು ರಿಜಿಸ್ಟರಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲು ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಗ್ರಾಮ, ಹೋಬಳಿ, ಸರ್ವೆ ನಂಬರ್, ಇಸವಿ ನಾಲ್ಕನ್ನೂ ಬರೆಯಿರಿ. ‘ನಮ್ಮ ಮನೆತನದ ದಾಖಲೆ’ ಎಂದು ಬರೆದ ಅರ್ಜಿ ಅಲ್ಲೇ ಕೂತಿರುತ್ತದೆ.

ಗೇಣಿ ಮಾಡುತ್ತಿದ್ದ ಮನೆತನಗಳಿಗೆ ಈ ದಾರಿ ಅರ್ಧಕ್ಕೇ ಕಡಿಯುತ್ತದೆ. ಹಳೇ ಖಾತೆಯಲ್ಲಿ ಇರುವುದು ಒಡೆಯರ ಹೆಸರು, ಉತ್ತವರದ್ದಲ್ಲ. ಅವರು 1974ರ ಭೂಸುಧಾರಣೆಯ ನಂತರ ಸಲ್ಲಿಸಿದ ಫಾರಂ 7, ಅಂದರೆ ಎಲ್ಲರೂ ಡಿಕ್ಲರೇಷನ್ ಎನ್ನುವ ಅರ್ಜಿ, ಮತ್ತು ಅದರ ಮೇಲಿನ ಭೂನ್ಯಾಯಮಂಡಳಿಯ ಕಡತವನ್ನು ಕೇಳಬೇಕು. ಎಷ್ಟೋ ಮನೆಗಳಿಗೆ ಜಮೀನಿನ ಜೊತೆ ಹೆಸರು ಸರ್ಕಾರಿ ಕಾಗದಕ್ಕೆ ಏರಿದ್ದೇ ಆಗ.

ನಕ್ಷೆಯಲ್ಲಿ ಊರೇ ಇಲ್ಲದಿದ್ದರೆ ಗಾಬರಿಯಾಗಬೇಡಿ. ಇಲ್ಲಿ ಮನೆಗಳು ಒಂದೊಂದು ಗುಡ್ಡಕ್ಕೆ ಒಂದೊಂದು; ಒಂದು ಕಂದಾಯ ಗ್ರಾಮದೊಳಗೆ ಹಲವು ಮಜರೆ (ಸಣ್ಣ ಉಪಗ್ರಾಮ) ಇರುತ್ತವೆ, ಮನೆಹೆಸರು ಗ್ರಾಮಪಟ್ಟಿಗೆ ಬರುವುದೇ ಇಲ್ಲ. ಜನ ಬಿಟ್ಟುಹೋದ ಊರು ‘ಬೇಚರಾಕ್’ ಎಂದು ದಾಖಲೆಯಲ್ಲಿ ಇರುತ್ತದೆ. ಶರಾವತಿ ಕಣಿವೆಯದಾದರೆ ಮುಳುಗಡೆ ನೋಡಿ: ಹಿರೇಭಾಸ್ಕರ ಅಣೆಕಟ್ಟು 1948ರದು, ಲಿಂಗನಮಕ್ಕಿ 1964ರದು. ಸಾಗರ, ಹೊಸನಗರದ ಎಷ್ಟೋ ಊರು ನೀರಿನಡಿ ಹೋಗಿವೆ, ಹೆಸರು ಹೊತ್ತವರು ಬೇರೆ ತಾಲ್ಲೂಕುಗಳಲ್ಲಿದ್ದಾರೆ. ಇಂಥದ್ದಕ್ಕೆ ಒಂದು ಮೈಲಿಗೆ ಒಂದು ಇಂಚಿನ ಹಳೇ ಸರ್ವೆ ನಕ್ಷೆಯೇ ಆಧಾರ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಶಾಸನಗಳು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟ (1902) ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿಗಳದು. 8ನೆಯದು (1904) ಸೊರಬ, ಸಾಗರ, ನಗರ (ಈಗಿನ ಹೊಸನಗರದ ಕಡೆ), ತೀರ್ಥಹಳ್ಳಿಗಳದು. ಊರಹೆಸರು ಸಿಗಬಹುದು, ನಿಮ್ಮ ಅಜ್ಜನ ಅಜ್ಜ ಸಿಗುವುದಿಲ್ಲ. ಊರು ಹಳೆಯದು ಎಂದಮಾತ್ರಕ್ಕೆ ಮನೆತನವೂ ಅಷ್ಟೇ ಹಳೆಯದು ಎಂದು ಬರೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಅರ್ಥಕ್ಕೆ ಬರುವುದು ಈಗ. ಹೆಸರನ್ನು ಹಿಂದಿನಿಂದ ಬಿಡಿಸಿ. ಮಕ್ಕಿ ಎಂದರೆ ಮಳೆ ನಂಬಿದ ಎತ್ತರದ ಗದ್ದೆ, ಬೈಲು ತಗ್ಗಿನದು, ಹಕ್ಕಲು ಸಾಗುವಳಿಯಿಲ್ಲದ ತುಂಡು, ಕಾನು ದಟ್ಟ ಕಾಡು, ಕೊಡಿಗೆ ಕಂದಾಯವಿಲ್ಲದೆ ಕೊಟ್ಟ ಭೂಮಿ. ಬಾಲ ಗೊತ್ತಾದರೆ ಮುಂದಿನ ಭಾಗ ಮರವೋ, ಹೊಳೆಯೋ, ಆಳೋ ಎಂದು ಊಹಿಸಬಹುದು. ‘ಉಂಬಳ’ ಎಂದು ಶುರುವಾಗುವ ಹೆಸರು ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳದ್ದೂ (ಜಿಗಣೆ) ಆಗಬಹುದು, ಉಂಬಳಿಯಾಗಿ, ಅಂದರೆ ಇನಾಮಾಗಿ, ಕೊಟ್ಟ ಜಮೀನಿನದೂ ಆಗಬಹುದು. ಹಳೇ ರಿಜಿಸ್ಟರಿನಲ್ಲಿ ಆ ಜಾಗ ಇನಾಂ ಎಂದಿದ್ದರೆ ಎರಡನೆಯದಕ್ಕೆ ಬಲ ಬಂತು. ಇಲ್ಲದಿದ್ದರೆ ಎರಡನ್ನೂ ಬರೆದಿಡುವುದೇ ಮರ್ಯಾದೆ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಅರ್ಥ ಬಿಡಿಸಬೇಡಿ. ಪಾಸ್‌ಪೋರ್ಟಿನಲ್ಲಿ ಲ-ಳ, ತ-ಟ ಒಂದಾಗಿ, ಅದನ್ನೇ ಮತ್ತೆ ಕನ್ನಡಕ್ಕೆ ತಂದಾಗ ಹೆಸರೇ ಬೇರೆಯಾಗಿರುತ್ತದೆ. ಆ ಊರಿನ ವಯಸ್ಸಾದವರ ಬಾಯಲ್ಲಿ ಹೇಗೆ ಬರುತ್ತದೋ ಅದನ್ನು ಹಾಗೆಯೇ ಬರೆದುಕೊಳ್ಳಿ.

ಹೆಸರು ಎಷ್ಟು ಮಂದಿಗಿದೆ ಎಂದು ಲೆಕ್ಕ ಹಾಕಲು ಮತದಾರರ ಪಟ್ಟಿ ಬಳಸಬಹುದು, ಆದರೆ ಅದನ್ನೊಂದನ್ನೇ ನಂಬಬೇಡಿ. ಬಹುಪಾಲು ಪಿಡಿಎಫ್‌ಗಳು ಚಿತ್ರರೂಪದವು, ಹುಡುಕಾಟ ಕೆಲಸ ಮಾಡದು, ಕಣ್ಣಲ್ಲೇ ಓದಬೇಕು. ಶಿವಮೊಗ್ಗ ಜಿಲ್ಲೆಯಲ್ಲಿ 7 ವಿಧಾನಸಭಾ ಕ್ಷೇತ್ರ; ಹೊಸನಗರ ತಾಲ್ಲೂಕು ಸಾಗರ, ತೀರ್ಥಹಳ್ಳಿ ಎರಡಕ್ಕೂ ಹಂಚಿದೆ, ಎರಡನ್ನೂ ನೋಡಿ. ತಲೆ ಎಣಿಸಬೇಡಿ, ಮನೆ ಎಣಿಸಿ. ಇನಿಷಿಯಲ್ ಒಳಗೆ ಅಡಗಿದ ಹೆಸರು ಇಲ್ಲಿ ಸಿಗದು. ಅದಕ್ಕೆ ಸೊಸೈಟಿಯ ಷೇರು ಪುಸ್ತಕ, ದೇವಸ್ಥಾನದ ವಂತಿಗೆ ಪಟ್ಟಿಯೇ ಮೇಲು. ಸಿಕ್ಕ ಮನೆಗಳನ್ನು ತಾಲ್ಲೂಕು ನಕ್ಷೆಯ ಮೇಲೆ ಚುಕ್ಕೆ ಇಡಿ, ಮುಳುಗಡೆಯಿಂದ ಎದ್ದುಹೋದವರಿಗೆ ಬೇರೆ ಬಣ್ಣ, ಬೆಂಗಳೂರಿಗೆ ಹೋದವರಿಗೆ ಬೇರೆ.