ಚಿತ್ರ ಫ್ಲೆಕ್ಸ್ ಸೇರುವ ಮುನ್ನ

ಮಾರ್ಚ್ 17 ಪುನೀತ್ ರಾಜ್‌ಕುಮಾರ್ ಹುಟ್ಟಿದ ದಿನ. ಅದಕ್ಕೆಂದೇ ನನ್ನ ಭಾನುವಾರದ ಚಿತ್ರಕಲಾ ತರಗತಿಯ ಹುಡುಗನೊಬ್ಬ ಮೂರು ವಾರ ಕುಳಿತು ಪೆನ್ಸಿಲ್ಲಿನಲ್ಲಿ ಅಪ್ಪು ಅವರ ಮುಖ ಬಿಡಿಸಿದ. ಮುಗಿದದ್ದೇ ತಡ, ಅಭಿಮಾನಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ. ಎರಡು ದಿನ ಕಳೆಯುವುದರೊಳಗೆ ಬಸ್ ನಿಲ್ದಾಣದ ಎದುರು ಅದೇ ಚಿತ್ರ ಹತ್ತಡಿಯ ಫ್ಲೆಕ್ಸ್ ಆಗಿ ನಿಂತಿತ್ತು. ಅವನ ಸಹಿಯಿದ್ದ ಬಲಮೂಲೆಯಲ್ಲಿ ‘ಶುಭ ಕೋರುವವರು’ ಎಂಬ ಸಾಲಿನ ಕೆಳಗೆ ಏಳು ಜನರ ಪಾಸ್‌ಪೋರ್ಟ್ ಫೋಟೋ. ಹುಡುಗ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಬಂದಿದ್ದ, ಪಾಪ.

ಬಿಡಿಸುವುದಕ್ಕೆ ಮೂರು ವಾರ, ಹಂಚುವುದಕ್ಕೆ ಮೂರು ಸೆಕೆಂಡು. ಪ್ರತಿ ವರ್ಷ ಇದನ್ನೇ ನೋಡಿ ನೋಡಿ ಸಾಕಾಗಿ ಈ ಲೇಖನ ಬರೆಯುತ್ತಿದ್ದೇನೆ. ನಟ, ಕ್ರಿಕೆಟಿಗ, ಅನಿಮೆ (ಜಪಾನಿ ಕಾರ್ಟೂನ್) ಪಾತ್ರ, ಯಕ್ಷಗಾನದ ವೇಷ, ಯಾರ ಅಭಿಮಾನಿ ಚಿತ್ರವಾದರೂ ನಿಮ್ಮ ಹೆಸರು ಉಳಿಸಿಕೊಂಡು ಹಂಚುವ ಕ್ರಮ ಒಂದೇ.

1. ಯಾರು ನೋಡಬೇಕೆಂದು ಮೊದಲೇ ತೀರ್ಮಾನಿಸಿ

ಮನೆಯವರು ನೋಡಿದರೆ ಸಾಕು ಎನ್ನುವವರು ಮನೆಯ ಗುಂಪಿಗೆ ಹಾಕಿ ಸುಮ್ಮನಾಗಬಹುದು. ಉಳಿದವರು ಮುಂದೆ ಓದಿ.

2. ಕಾಗದದಿಂದ ಫೋನಿಗೆ ತನ್ನಿ

ಹತ್ತರಲ್ಲಿ ಒಂಬತ್ತು ಮಂದಿ ಎಡವುವುದು ಇಲ್ಲೇ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ, ಚಿತ್ರವನ್ನು ಹಾಸಿಗೆಯ ಮೇಲೆ ಹಾಸಿ, ಮೇಲಿನಿಂದ ಬಗ್ಗಿ ಫೋಟೋ ತೆಗೆಯುತ್ತಾರೆ. ಫೋನಿನ ನೆರಳು ಹಣೆಯ ಮೇಲೆ ಬಿದ್ದಿರುತ್ತದೆ, ಗಲ್ಲ ಉದ್ದವಾಗಿರುತ್ತದೆ. ಗಾಢವಾಗಿ ಉಜ್ಜಿದ ಕೂದಲ ಭಾಗದಲ್ಲಿ ಪೆನ್ಸಿಲ್ಲಿನ ಸೀಸ ಬೆಳಕಿಗೆ ಮಿರುಗಿ, ಕಪ್ಪಾಗಿ ಕಾಣಬೇಕಾದದ್ದು ಬೂದಿಯಾಗುತ್ತದೆ.

ಬೆಳಗಿನ ಹತ್ತರ ಹೊತ್ತಿಗೆ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಹೋಗಿ. ಚಿತ್ರವನ್ನು ರಟ್ಟಿಗೆ ಕ್ಲಿಪ್ ಹಾಕಿ ಗೋಡೆಗೆ ನೆಟ್ಟಗೆ ಒರಗಿಸಿ. ಕಿಟಕಿ ಚಿತ್ರದ ಬದಿಗಿರಲಿ, ಎದುರಿಗೆ ಬೇಡ. ಫ್ಲ್ಯಾಶ್ ಆರಿಸಿ. ಎರಡು ಹೆಜ್ಜೆ ಹಿಂದೆ ಸರಿದು ಸ್ವಲ್ಪ ಝೂಮ್ ಮಾಡಿ. ತೀರಾ ಹತ್ತಿರದಿಂದ ತೆಗೆದರೆ ಅಂಚುಗಳು ಬಾಗುತ್ತವೆ. ಕಾಗದದ ನಾಲ್ಕೂ ಅಂಚು ಫೋನಿನ ಚೌಕಟ್ಟಿಗೆ ಸಮಾನಾಂತರವಾಗಿ ಬರುವವರೆಗೆ ಗುಂಡಿ ಒತ್ತಬೇಡಿ. ಕೂದಲು ಆಗಲೂ ಮಿರುಗಿದರೆ ರಟ್ಟನ್ನು ಒಂದಿಷ್ಟು ತಿರುಗಿಸಿ ನೋಡಿ.

ಜೆರಾಕ್ಸ್ ಅಂಗಡಿಯ ಸ್ಕ್ಯಾನರ್ ಎ4 ಹಾಳೆಗೆ ಅಡ್ಡಿಯಿಲ್ಲ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಎಂದು ಹೇಳಿ ಮಾಡಿಸಿ. ಆದರೆ ದಾಖಲೆಪತ್ರ ಸ್ಕ್ಯಾನ್ ಮಾಡುವ ಮೊಬೈಲ್ ಆ್ಯಪ್‌ಗಳನ್ನು ಮುಟ್ಟಲೇಬೇಡಿ. ಅವು ಅಕ್ಷರಕ್ಕಾಗಿ ಹುಟ್ಟಿದವು. ನೀವು ಗಂಟೆಗಟ್ಟಲೆ ತೀಡಿದ ಕೆನ್ನೆಯ ನಸುನೆರಳನ್ನು ಕೊಳೆಯೆಂದು ತಿಳಿದು ಬೆಳ್ಳಗೆ ತೊಳೆದುಬಿಡುತ್ತವೆ.

3. ಸಹಿ ಎಲ್ಲಿ, ಅಳತೆ ಎಷ್ಟು

ಮೂಲೆಯ ಸಹಿ ಕತ್ತರಿಗೆ ಕೊಟ್ಟ ಆಹ್ವಾನ. ಹಾಗೆಂದು ಮುಖದ ನಡುವೆ ಅಡ್ಡಡ್ಡ ವಾಟರ್‌ಮಾರ್ಕ್ ಬಳಿದರೆ ನೋಡುವವರಿಗೆ ನಿಮ್ಮ ಹೆಸರೇ ಕಾಣುತ್ತದೆ, ಚಿತ್ರ ಕಾಣುವುದಿಲ್ಲ. ನಾನು ಹೇಳಿಕೊಡುವುದು ಇಷ್ಟು: ಅಂಗಿಯ ಕಾಲರಿನ ಅಂಚಿನಲ್ಲಿ, ಕಿವಿಯ ಹಿಂದಿನ ಕೂದಲಿನಲ್ಲಿ, ವೇಷವಾದರೆ ಭುಜಕೀರ್ತಿಯ ರೇಖೆಯ ಗುಂಟ ಸಣ್ಣದಾಗಿ ಬರೆಯಿರಿ. ಅದನ್ನು ತೆಗೆಯಬೇಕೆಂದರೆ ಆ ಭಾಗವನ್ನೇ ಹೊಸದಾಗಿ ಬಿಡಿಸಬೇಕು. ಅಷ್ಟು ಬರುವವನು ನಿಮ್ಮ ಚಿತ್ರ ಕದಿಯುವುದಿಲ್ಲ.

ದೊಡ್ಡ ಕಡತ ನಿಮ್ಮಲ್ಲೇ ಇರಲಿ. ಇನ್‌ಸ್ಟಾಗ್ರಾಮ್ ಹೇಗೂ ಅಗಲವನ್ನು 1080 ಪಿಕ್ಸೆಲ್‌ಗೆ ಇಳಿಸುತ್ತದೆ. 2025ರಿಂದ ಪ್ರೊಫೈಲ್ ಪುಟದಲ್ಲಿ ಚಿತ್ರಗಳು ಚೌಕಕ್ಕೆ ಬದಲು 3:4 ಆಕಾರದಲ್ಲಿ ಕಾಣುವುದರಿಂದ 1080 ಅಗಲ, 1440 ಎತ್ತರಕ್ಕೆ ನೀವೇ ಕತ್ತರಿಸಿ ಹಾಕಿ, ಆ ಕೆಲಸವನ್ನು ಅದಕ್ಕೆ ಬಿಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ‘ಚೆನ್ನಾಗಿ ಕಾಣಲಿ’ ಎಂದು ಡಾಕ್ಯುಮೆಂಟ್ ಆಗಿ ಕಳುಹಿಸುವವರಿದ್ದಾರೆ. ಹಾಗೆ ಹೋದ ಚಿತ್ರ ಒಂದು ಚೂರೂ ಕುಗ್ಗದೆ ತಲುಪುತ್ತದೆ. ಮುದ್ರಿಸುವವನಿಗೆ ಅದಕ್ಕಿಂತ ಸುಗ್ಗಿ ಇನ್ನೇನು? ಸಣ್ಣ ಚಿತ್ರವನ್ನೂ ಹಿಗ್ಗಿಸಿ ಫ್ಲೆಕ್ಸ್ ಮಾಡುವವರು ಇದ್ದೇ ಇದ್ದಾರೆ ಎನ್ನುವುದು ಬೇರೆ ಮಾತು.

4. ಮೊದಲು ಮನೆ, ಆಮೇಲೆ ಜಾತ್ರೆ

ಚಿತ್ರ ಮೊದಲು ಕಾಣಿಸಿಕೊಳ್ಳಬೇಕಾದದ್ದು ನಿಮ್ಮದೇ ಹೆಸರಿನ, ಎಲ್ಲರೂ ನೋಡಬಹುದಾದ ಖಾತೆಯಲ್ಲಿ. ಅಲ್ಲಿ ದಿನಾಂಕ ಬಿದ್ದ ಮೇಲೆ ಅಭಿಮಾನಿ ಗುಂಪುಗಳಿಗೆ ಚಿತ್ರವನ್ನಲ್ಲ, ಅದರ ಕೊಂಡಿಯನ್ನು ಕಳುಹಿಸಿ. ‘ಲಿಂಕ್ ಯಾರು ಒತ್ತುತ್ತಾರೆ ಸರ್’ ಎಂದು ನನ್ನ ಹುಡುಗರು ಗೊಣಗುತ್ತಾರೆ. ಒತ್ತದವರು ನಿಮ್ಮ ಅಭಿಮಾನಿಗಳಲ್ಲ, ನಟನ ಅಭಿಮಾನಿಗಳು. ಅವರಿಗೆ ಬೇಕಾದದ್ದು ಸ್ಟೇಟಸ್ಸಿಗೆ ಒಂದು ಚಿತ್ರ.

ಸಿನಿಮಾ, ಕ್ರಿಕೆಟ್ ಚಿತ್ರಗಳಿಗೆ ಇನ್‌ಸ್ಟಾಗ್ರಾಮ್ ಸರಿ. ಯಕ್ಷಗಾನದ ವೇಷ ಬಿಡಿಸುವವರು ಫೇಸ್‌ಬುಕ್ ಬಿಡಬೇಡಿ, ಮೇಳಗಳ ಪ್ರೇಕ್ಷಕರು ಇರುವುದು ಅಲ್ಲಿ. ಅನಿಮೆ ಪಾತ್ರವಾದರೆ 2007ರಲ್ಲಿ ಜಪಾನಿನಲ್ಲಿ ಶುರುವಾದ ಪಿಕ್ಸಿವ್ ಎಂಬ ಚಿತ್ರ ಹಂಚುವ ತಾಣವಿದೆ. ಪಾತ್ರದ ಹೆಸರನ್ನು ಜಪಾನಿ ಲಿಪಿಯಲ್ಲಿ ಟ್ಯಾಗ್ ಮಾಡಿದರೆ ಆ ಊರಿನವರ ಕಣ್ಣಿಗೂ ಬೀಳುತ್ತದೆ. ರೆಡ್ಡಿಟ್ ಎಂಬ ಚರ್ಚಾತಾಣದ ಪ್ರತಿ ಗುಂಪಿಗೂ ಅದರದೇ ನಿಯಮ, ಓದದೆ ಹಾಕಿದರೆ ಅಳಿಸುತ್ತಾರೆ.

ಕೃತಕ ಬುದ್ಧಿಮತ್ತೆಯ ವಿಷಯ ತರಗತಿಯಲ್ಲಿ ಪ್ರತಿ ವಾರ ಬರುತ್ತದೆ. 2000ದಿಂದ ಕಲಾವಿದರ ಬೀಡಾಗಿದ್ದ ಡೀವಿಯಂಟ್‌ಆರ್ಟ್ ತಾಣ 2022ರಲ್ಲಿ ತನ್ನದೇ ಚಿತ್ರಯಂತ್ರ (ಕೃತಕ ಬುದ್ಧಿಮತ್ತೆಯಿಂದ ಚಿತ್ರ ಬಿಡಿಸುವ ತಂತ್ರಾಂಶ) ತಂದು ಬೈಸಿಕೊಂಡಿತು. ಎಕ್ಸ್ (ಹಿಂದಿನ ಟ್ವಿಟರ್) 2024ರ ನವೆಂಬರಿನಿಂದ ಜಾರಿಗೆ ಬಂದ ತನ್ನ ಷರತ್ತುಗಳಲ್ಲಿ, ನೀವು ಹಾಕಿದ್ದನ್ನು ಇಂಥ ಯಂತ್ರಕ್ಕೆ ಕಲಿಸಲು ಬಳಸಬಹುದೆಂದು ಬರೆದುಕೊಂಡಿದೆ. ಇದು ಬೇಡವೆನ್ನುವವರಿಗೆ ಕಾರಾ ಎಂಬ ತಾಣವಿದೆ, ಆದರೆ ಅಲ್ಲಿ ಕನ್ನಡದ ಕಣ್ಣುಗಳು ಕಡಿಮೆ. ಷಿಕಾಗೊ ವಿಶ್ವವಿದ್ಯಾಲಯದವರು 2023ರಲ್ಲಿ ಬಿಟ್ಟ ಗ್ಲೇಜ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದು ಯಂತ್ರವನ್ನು ದಾರಿ ತಪ್ಪಿಸಲು ಚಿತ್ರದ ಮೇಲೆ ಸೂಕ್ಷ್ಮ ಬದಲಾವಣೆ ಮಾಡುತ್ತದೆ, ನುಣುಪಾದ ಕೆನ್ನೆಯ ಮೇಲೆ ಆ ಕಲೆಗಳು ಕಾಣುತ್ತವೆ. ಪೆನ್ಸಿಲ್ ಚಿತ್ರಕ್ಕೆ ನಾನಂತೂ ಬಳಸುವುದಿಲ್ಲ.

5. ಒಕ್ಕಣೆ

ಯಾವ ಫೋಟೋ ನೋಡಿ ಬಿಡಿಸಿದಿರೋ ಅದನ್ನು ತೆಗೆದವರ ಹೆಸರು ಮೊದಲ ಸಾಲಿನಲ್ಲೇ ಬರಲಿ. ನಿಮ್ಮ ಸಹಿ ಅಳಿಸಿದಾಗ ಉರಿಯುವ ಹೊಟ್ಟೆ ಅವರಿಗೂ ಇದೆ. ನಟನ ಖಾತೆಯನ್ನು ಒಮ್ಮೆ ಟ್ಯಾಗ್ ಮಾಡಿ. ಮೂವತ್ತು ಅಭಿಮಾನಿ ಪುಟಗಳನ್ನು ಪೋಣಿಸುವುದು ಬೇಡ.

ಮಾರಾಟದ ಆಸೆಯಿದ್ದರೆ ಇಲ್ಲಿ ನಿಂತು ಯೋಚಿಸಿ. ಪಾತ್ರ ಅದನ್ನು ಸೃಷ್ಟಿಸಿದವರದು, ಫೋಟೋ ತೆಗೆದವರದು. ಮುಖದ ವಿಷಯದಲ್ಲೂ ನ್ಯಾಯಾಲಯಗಳು ಬಿಗಿಯಾಗಿವೆ: ನಟ ಅನಿಲ್ ಕಪೂರ್ ಅವರ ಹೆಸರು, ದನಿ, ಚಿತ್ರಗಳನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ದೆಹಲಿ ಹೈಕೋರ್ಟ್ 2023ರಲ್ಲಿ ತಡೆ ನೀಡಿತು. ಪ್ರೀತಿಗೆ ಹಾಕಿದ ಚಿತ್ರಕ್ಕೆ ಸಾಮಾನ್ಯವಾಗಿ ಯಾರೂ ತಕರಾರು ತೆಗೆಯುವುದಿಲ್ಲ. ಅದೇ ಚಿತ್ರ ಟೀ ಶರ್ಟಿನ ಮೇಲೆ ಬಂದಾಗ ಕಥೆ ಬೇರೆ.

6. ಹಾಕಿದ ಮೇಲೆ

ವಾರಕ್ಕೊಮ್ಮೆ ಗೂಗಲ್ ಲೆನ್ಸ್‌ನಲ್ಲಿ ಚಿತ್ರವನ್ನು ಹುಡುಕಿ. ಹೆಸರಿಲ್ಲದೆ ಬಳಸಿದವರು ಸಿಕ್ಕರೆ ಮೊದಲು ಸೌಜನ್ಯದಿಂದ ಸಂದೇಶ ಕಳುಹಿಸಿ, ಬಹಳಷ್ಟು ಪುಟಗಳು ಹೆಸರು ಸೇರಿಸುತ್ತವೆ. ಕೇಳದವರ ಮೇಲೆ ಆಯಾ ತಾಣದ ಕೃತಿಸ್ವಾಮ್ಯ ದೂರಿನ ನಮೂನೆ ತುಂಬಿ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್ ಪ್ರಕಾರ, ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದನಿಗೆ ಉಳಿಯುತ್ತದೆ.

ಅದಕ್ಕೆ ಪುರಾವೆ ಬೇಕು. ಬರೀ ಗೆರೆಗಳಿದ್ದಾಗ ಒಂದು, ಕಣ್ಣು ಮುಗಿದಾಗ ಒಂದು, ಕೂದಲಿಗೆ ಕೈ ಹಾಕುವ ಮುಂಚೆ ಒಂದು, ಹೀಗೆ ಮೂರು ನಾಲ್ಕು ಫೋಟೋ ತೆಗೆದಿಡಿ. ಅವುಗಳಲ್ಲಿ ಒಂದನ್ನಾದರೂ ಯಾರಿಗೂ ತೋರಿಸದೆ ಇಟ್ಟುಕೊಳ್ಳಿ, ಸ್ಟೇಟಸ್ಸಿಗೂ ಹಾಕಬೇಡಿ.