ಹೊಸ ಮೇಲಧಿಕಾರಿಯ ಖಡಕ್ ಮಾತು: ಹೇಳಬೇಕಾದ್ದನ್ನು ಹೇಳಿದ ಬಗೆ

ತೊಂದರೆ ಇದು: ಬೆಂಗಳೂರಿನಲ್ಲಿ ಮುಖ್ಯ ಶಿಕ್ಷಕರ ಪ್ರಗತಿ ಪರಿಶೀಲನಾ ಸಭೆ. ಹೊಸದಾಗಿ ಬಂದ ಹಿರಿಯ ಅಧಿಕಾರಿ ಎಲ್ಲರೆದುರು ಹೆಸರು ಹಿಡಿದು ಗದರುತ್ತಿದ್ದರು. ಗದರಿಕೆಗಿಂತ ಕೆಟ್ಟದ್ದು ಅದರ ಫಲ. ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹಿಂದುಳಿದ ಮಕ್ಕಳ ಪಟ್ಟಿಯನ್ನು ಶಾಲೆಗಳು ಚಿಕ್ಕದು ಮಾಡಿ ಕೊಡತೊಡಗಿದವು. ಪಟ್ಟಿಯಲ್ಲಿಲ್ಲದ ಮಗುವಿಗೆ ವಿಶೇಷ ತರಗತಿಯೂ ಇಲ್ಲ.

ಸಭೆಯಲ್ಲಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಒಂದಕ್ಷರವೂ ಬೇಡ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಮೊದಲೇ ತಿಳಿಸಿ, ಆ ಹಿರಿಯ ಅಧಿಕಾರಿಯ ಆಪ್ತ ಸಹಾಯಕರ ಮೂಲಕ ಹತ್ತು ನಿಮಿಷ ಕೇಳಿ, ಒಬ್ಬರೇ ಹೋಗಬೇಕು. ನಾಲ್ಕು ಜನ ಹೋದರೆ ಅದು ನಿಯೋಗವಾಗಿಬಿಡುತ್ತದೆ.

ಸ್ವಭಾವದ ಮಾತೆತ್ತಬಾರದು. "ಮೇಡಂ, ತಾವು ಒರಟಾಗಿ ಮಾತಾಡ್ತೀರಿ" ಎಂದರೆ ಭೇಟಿ ಅಲ್ಲಿಗೇ ಮುಗಿಯಿತು. ಕೆಲಸಕ್ಕೆ ಬಂದ ಮಾತು ಹೀಗಿತ್ತು: "ಮೇಡಂ, ತಾವು ನೇರವಾಗಿ ಕೇಳೋದ್ರಿಂದ ಕಡತಗಳು ಬೇಗ ಮುಂದೆ ಹೋಗ್ತಿವೆ. ಆದರೆ ಎಲ್ಲರೆದುರು ಕೇಳಿದಾಗ ನಿಜವಾದ ಸಂಖ್ಯೆ ಹೇಳೋಕೆ ಕೆಲವರು ಹಿಂಜರೀತಾರೆ. ತಮಗೆ ಸರಿಯಾದ ಮಾಹಿತಿ ತಲುಪ್ತಿಲ್ಲ." ಮೊದಲ ವಾಕ್ಯ ನಿಜವಾಗಿರಲೇಬೇಕು, ಮುಖಸ್ತುತಿ ಇಂಥವರಿಗೆ ತಕ್ಷಣ ಗೊತ್ತಾಗುತ್ತದೆ. ಹೇಳಿದ ಮೇಲೆ ಸುಮ್ಮನಿರಬೇಕು.

ಕೈಯಲ್ಲಿ ಒಂದೇ ಹಾಳೆ: ಎಡಕ್ಕೆ ಅಂಕಪಟ್ಟಿಯಿಂದ ತೆಗೆದ ಸಂಖ್ಯೆ, ಬಲಕ್ಕೆ ಸಭೆಗೆ ಕೊಟ್ಟ ಸಂಖ್ಯೆ. ಶಾಲೆಗಳ ಹೆಸರು ಹಾಕಬಾರದು, ಹಾಕಿದರೆ ಮರುದಿನ ಕಾರಣ ಕೇಳಿ ನೋಟಿಸ್ ಹೋಗುವುದು ಅವರಿಗೇ. ಕೋರಿಕೆಯೂ ಒಂದೇ: ಹಿಂದುಳಿದ ಶಾಲೆಗಳವರನ್ನು ಸಭೆ ಮುಗಿದ ಮೇಲೆ ತಮ್ಮ ಕೊಠಡಿಯಲ್ಲಿ ಐದೈದು ನಿಮಿಷ ವಿಚಾರಿಸುವುದು. ಮುಂದಿನ ಪಟ್ಟಿ ಉದ್ದವಾಗುತ್ತದೆ, ಅದು ಒಳ್ಳೆಯ ಲಕ್ಷಣ ಎಂದೂ ಆಗಲೇ ಹೇಳಿಡಬೇಕು. ಮೇಡಂ ಒಪ್ಪಿದರು, ಪಟ್ಟಿಯೂ ಉದ್ದವಾಯಿತು.